ನಾನು ಬಿಚ್ಚಿದ ಹೊಲಿಗೆ

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಒಂದು ಊರಿನಲ್ಲಿ ನಾನೊಂದು ಕೌದಿ ಶಿಬಿರ ನಡೆಸಿದೆ. ಊರಿನ ಹೆಂಗಸರು ಸೇರಿ ದೊಡ್ಡದೊಂದು ಕೌದಿ ಹೊಲಿಯುವುದು, ಅದನ್ನು ವಾಚನಾಲಯದ ಗೋಡೆಗೆ ತೂಗುಹಾಕುವುದು ಎಂಬುದು ಯೋಜನೆ. 16 ಜನ ಬಂದರು. ಮನೆಯಲ್ಲಿದ್ದ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ತಂದರು. ನಾನು ಕಾಗದದ ಮೇಲೆ ನಕ್ಷೆ ಬರೆದುಕೊಂಡು ಹೋಗಿದ್ದೆ: ನಡುವೆ ಊರ ಕೆರೆ, ಸುತ್ತಲೂ ಹೊಲ, ಮೇಲೆ ಗುಡ್ಡ.

ಐದನೆಯ ದಿನ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕೌದಿಯನ್ನು ನೆಲಕ್ಕೆ ಹಾಸಿ ನೋಡಿದೆ. ಒಂದು ಮೂಲೆಯಲ್ಲಿ ಹೊಲಿಗೆಯ ಸಾಲುಗಳು ಸೊಟ್ಟಗಿದ್ದವು. ಅಲ್ಲಿ ಕೂತು ಹೊಲಿಯುತ್ತಿದ್ದವರು ವಯಸ್ಸಾದವರು, ಕಣ್ಣು ಮಂಜು. ನಾಲ್ಕು ಸಾಲು ಬಿಚ್ಚಿ, ಅದೇ ಬಣ್ಣದ ದಾರದಲ್ಲಿ ನೆಟ್ಟಗೆ ಹೊಲಿದಿಟ್ಟೆ. ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ.

ಮರುದಿನ ಆ ಅಜ್ಜಿ ಬಂದು ಕೂತವರೇ ಬೆರಳಿಂದ ಸಾಲುಗಳನ್ನು ಸವರಿದರು.

"ಅಕ್ಕೋರ, ಇದು ನನ್ನ ಕೈ ಅಲ್ಲ. ಯಾರು ಬಿಚ್ಯಾರ?"

"ನಾನ ಬಿಚ್ಚೀನ್ರಿ ಅವ್ವಾರ. ಸ್ವಲ್ಪ ಸೊಟ್ಟ ಆಗಿತ್ತು."

"ಹೊದ್ಕೊಂಡು ಮಲಗಿದವ್ರಿಗೆ ಸಾಲು ಸೊಟ್ಟ ಐತೋ ನೆಟ್ಟಗ ಐತೋ ಏನ್ ಗೊತ್ತಾಗ್ತದ್ರಿ?"

ಇದು ಹೊದೆಯುವುದಕ್ಕಲ್ಲ, ನೋಡುವುದಕ್ಕೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಕೌದಿ ಹೊಲಿಯುತ್ತಿದ್ದರು, ನಾನು ಕಲಾಕೃತಿ ಮಾಡಿಸುತ್ತಿದ್ದೆ. ಒಂದೇ ಬಟ್ಟೆಯ ಮೇಲೆ ಎರಡು ಬೇರೆ ಕೆಲಸಗಳು ನಡೆದಿದ್ದವು ಎಂಬುದು ನನಗೆ ಅರ್ಥವಾದದ್ದು ಆವತ್ತು.

ಈ ಪ್ರಸಂಗವನ್ನು ಹೇಳುವುದಕ್ಕೆ ಕಾರಣವಿದೆ. ಸಮುದಾಯ ಸೇರಿ ಮಾಡಿದ ಕೃತಿಗಳ ಬಗ್ಗೆ ನಾವು ಬರೆಯುವಾಗ ವಿಮರ್ಶೆ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತದೆ. ಎಷ್ಟು ಜನ ಸೇರಿದರು, ಎಷ್ಟು ದಿನ ದುಡಿದರು, ಎಷ್ಟು ಉದ್ದ, ಎಷ್ಟು ಅಗಲ ಎಂದು ಲೆಕ್ಕ ಹೇಳಿ, ಎಲ್ಲರೂ ಕೂಡಿದ್ದೇ ದೊಡ್ಡದು ಎಂದು ಮುಗಿಸುತ್ತೇವೆ. ಕೂಡಿದ್ದು ದೊಡ್ಡದೇ. ಆದರೆ ಕೂಡಿದವರಲ್ಲಿ ಯಾವ ತೀರ್ಮಾನ ಯಾರದಾಗಿತ್ತು ಎಂದು ಕೇಳದೆ ಕೃತಿ ಎಂಥದು ಎಂದು ಹೇಳಲಾಗದು. ನನಗೆ ಈಗ ಈ ಒಂದು ಪ್ರಶ್ನೆ ಸಾಕೆನಿಸುತ್ತದೆ: ಶಿಬಿರ ನಡೆಸಿದವರು ಏನನ್ನು ಮೊದಲೇ ನಿಗದಿ ಮಾಡಿದರು, ಏನನ್ನು ಹೊಲಿಯುವವರ ಕೈಗೆ ಬಿಟ್ಟರು?

ಈ ಪ್ರಶ್ನೆಯನ್ನು ಹಿಡಿದು ಅಮೆರಿಕದ ಎರಡು ಪ್ರಸಿದ್ಧ ಕೃತಿಗಳನ್ನು ನೋಡಬಹುದು. ಮೊದಲನೆಯದು ಏಡ್ಸ್ ಸ್ಮಾರಕ ಕೌದಿ. 1985ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಣದಬತ್ತಿಯ ಮೆರವಣಿಗೆಯೊಂದು ನಡೆಯಿತು. ಏಡ್ಸ್‌ನಿಂದ ಸತ್ತ ತಮ್ಮವರ ಹೆಸರನ್ನು ಜನ ರಟ್ಟುಗಳ ಮೇಲೆ ಬರೆದು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಆ ಗೋಡೆ ತೇಪೆ ಹಚ್ಚಿದ ಕೌದಿಯಂತೆ ಕಂಡದ್ದೇ ಕ್ಲೀವ್ ಜೋನ್ಸ್ ಎಂಬ ಹೋರಾಟಗಾರನಿಗೆ ದಾರಿ ತೋರಿಸಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಅದನ್ನು ಮೊದಲ ಬಾರಿ ಹಾಸಿದಾಗ 1,920 ಪಟ್ಟಿಗಳಿದ್ದವು. ಈಗ ಸುಮಾರು 50,000 ಇವೆ.

ಅಲ್ಲಿ ಮೊದಲೇ ನಿಗದಿಯಾಗಿದ್ದ ಮುಖ್ಯ ಸಂಗತಿ ಅಳತೆ. ಪ್ರತಿ ಪಟ್ಟಿಯೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಎಂಟು ಪಟ್ಟಿ ಸೇರಿದರೆ 12 ಅಡಿಯ ಒಂದು ಚೌಕ. ಅದರೊಳಗೆ ಏನಿರಬೇಕೆಂಬುದು ಸತ್ತವರ ತಾಯಿಗೆ, ಸಂಗಾತಿಗೆ, ಗೆಳೆಯರಿಗೆ ಬಿಟ್ಟದ್ದು. ಒಬ್ಬರು ಜೀನ್ಸ್ ಹೊಲಿದರು, ಇನ್ನೊಬ್ಬರು ಗೊಂಬೆ, ಮತ್ತೊಬ್ಬರು ಕಾಗದ ಪತ್ರ. ಜೀವನದಲ್ಲಿ ಸೂಜಿ ಹಿಡಿಯದವರೂ ಹೊಲಿದರು. ಕೆಲವು ಪಟ್ಟಿಗಳು ನೋಡಲು ಚೆಂದವಿಲ್ಲ, ಬಣ್ಣ ಬಣ್ಣಕ್ಕೆ ಹೊಂದುವುದಿಲ್ಲ. ಅವನ್ನು ಯಾರಾದರೂ ರಾತ್ರಿ ಕೂತು ತಿದ್ದಿದ್ದರೆ ಅದು ಸ್ಮಾರಕವಾಗಿ ಉಳಿಯುತ್ತಿರಲಿಲ್ಲ. ಒಂದೇ ಅಳತೆ ಸಾವಿನ ಸಮಾನತೆಯನ್ನು ಹೇಳುತ್ತದೆ. ಹೊಂದದ ಬಣ್ಣಗಳು ಸತ್ತವರು ಒಬ್ಬೊಬ್ಬರೂ ಬೇರೆ ಎನ್ನುತ್ತವೆ. ಕೃತಿಯ ಅರ್ಥ ಹುಟ್ಟುವುದು ಇವೆರಡರ ನಡುವೆ.

ಇನ್ನೊಂದು, ಜೂಡಿ ಶಿಕಾಗೋ ಅವರ 'ದಿ ಡಿನ್ನರ್ ಪಾರ್ಟಿ'. 1974ರಿಂದ 1979ರವರೆಗೆ ನೂರಾರು ಜನ ಅದಕ್ಕೆ ದುಡಿದರು. ಒಂದೊಂದು ಬದಿಯೂ 48 ಅಡಿ ಇರುವ ತ್ರಿಕೋನದ ಮೇಜು. ಇತಿಹಾಸ, ಪುರಾಣಗಳ 39 ಹೆಂಗಸರಿಗೆ 39 ಎಡೆಗಳು. ಪ್ರತಿ ಎಡೆಯಲ್ಲಿ ಒಂದು ತಟ್ಟೆ, ಅದರ ಕೆಳಗೆ ಕಸೂತಿಯ ಹಾಸು. ಆ ಹೆಂಗಸಿನ ಕಾಲದ ಹೊಲಿಗೆಯ ಪದ್ಧತಿಗಳನ್ನು ಹುಡುಕಿ ತೆಗೆದು ಹಾಸನ್ನು ಕಟ್ಟಿದ್ದಾರೆ. ಮನೆಗೆಲಸ ಎಂದು ಕಡೆಗಣಿಸಿದ್ದ ಸೂಜಿಯ ಕೆಲಸವನ್ನು ವಸ್ತುಸಂಗ್ರಹಾಲಯದ ನಟ್ಟನಡುವೆ ತಂದು ನಿಲ್ಲಿಸಿದ ಕೃತಿ ಅದು. 2007ರಿಂದ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಕಾಯಂ ಆಗಿ ಇದೆ.

ಆದರೆ ಅಲ್ಲಿ ಕಲ್ಪನೆ, ವಿನ್ಯಾಸ, ಕೊನೆಯ ಮಾತು ಒಬ್ಬರದು. ಹೊಲಿದವರ ಹೆಸರುಗಳನ್ನು ಕೃತಿಯ ಜೊತೆಗೇ ಪ್ರದರ್ಶಿಸಿದ್ದಾರೆ. ಕರ್ತೃವಾಗಿ ನಿಲ್ಲುವುದು ಮಾತ್ರ ಜೂಡಿ ಶಿಕಾಗೋ. ಇದಕ್ಕಾಗಿ ಅವರನ್ನು ಟೀಕಿಸಿದವರು ಅನೇಕರು. ನಾನು ಆ ಗುಂಪಿಗೆ ಸೇರುವುದಿಲ್ಲ. ಅದು ಒಬ್ಬ ಕಲಾವಿದೆಯ ಕೃತಿ, ಹಲವರ ನೆರವಿನಿಂದ ಆದದ್ದು. ಹಾಗೆಂದುಕೊಂಡು ನೋಡಿದರೆ ಅದರ ಅಚ್ಚುಕಟ್ಟು ಅದರ ಬಲ. ತೊಂದರೆ ಬರುವುದು ಆ ಬಗೆಯಲ್ಲಿ ಮಾಡಿದ್ದನ್ನು ಏಡ್ಸ್ ಕೌದಿಯ ಮಾತಿನಲ್ಲಿ ಹೊಗಳಿದಾಗ. ನಾನು ಮಾಡಿದ್ದೂ ಅದೇ. ಅಧಿಕಾರವೆಲ್ಲ ನನ್ನ ನಕ್ಷೆಯಲ್ಲಿತ್ತು, ಬಾಯಲ್ಲಿ ಮಾತ್ರ "ಇದು ನಿಮ್ಮ ಕೌದಿ" ಎನ್ನುತ್ತಿದ್ದೆ.

ಇದಕ್ಕಿಂತ ಹೆಚ್ಚು ನಾಚಿಕೆಯಾಗುವುದು, ಕೌದಿಗೆ ತನ್ನದೇ ಒಂದು ವ್ಯಾಕರಣವಿದೆ ಎಂಬುದನ್ನು ನಾನು ಗಮನಿಸದೆ ಹೋದದ್ದಕ್ಕೆ. ಉತ್ತರ ಕನ್ನಡದ ಸಿದ್ಧಿ ಹೆಂಗಸರ ಕೌದಿಗಳನ್ನು ನೋಡಿ. ಅವರು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ, ತುಂಡಿನ ಪಕ್ಕ ತುಂಡನ್ನು ಮಡಚಿ ಇಡುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ 'ಫುಲ' ಕೂಡಿಸುತ್ತಾರೆ. ಫುಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಕಾಗದದ ನಕ್ಷೆಯ ಹಂಗು ಅದಕ್ಕಿಲ್ಲ. ಮುಂದಿನ ತುಂಡು ಯಾವುದು ಎಂಬುದನ್ನು ಈಗಷ್ಟೇ ಹೊಲಿದ ತುಂಡು ಹೇಳುತ್ತದೆ. ಅಂದರೆ ನಡುವೆ ಏನು ಬರುತ್ತದೆ ಎಂಬುದು ಅಂಚುಗಳೆಲ್ಲ ಮುಗಿದ ಮೇಲೆ ತೀರ್ಮಾನವಾಗುವ ಸಂಗತಿ. ನಾನು ಮೊದಲ ದಿನವೇ ನಡುವೆ ಕೆರೆ ಇಟ್ಟು, ಸುತ್ತಲಿನದನ್ನು ತುಂಬಲು ಹೇಳಿದ್ದೆ.

ನಮ್ಮ ಕೌದಿಯನ್ನು ಈಗ ವಿಮರ್ಶಕಿಯಾಗಿ ನೋಡಿದರೆ ಸೋತಿರುವುದು ಆ ಕೆರೆಯೇ. ಬೇಕಾದಷ್ಟು ನೀಲಿ ಬಟ್ಟೆ ಯಾರ ಮನೆಯಲ್ಲೂ ಸಿಗಲಿಲ್ಲವೆಂದು ಪೇಟೆಯಿಂದ ಹೊಸದನ್ನು ತಂದಿದ್ದೆ. ಹೊಸ ಬಟ್ಟೆಯಲ್ಲಿ ಗಂಜಿಯ ಬಿಗಿ ಇರುತ್ತದೆ. ಹಳೆಯ ಸೀರೆ ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾಗಿರುತ್ತದೆ. ಎರಡನ್ನೂ ಸೇರಿಸಿ ಹೊಲಿದರೆ ಒಂದು ಎಳೆಯುತ್ತದೆ, ಇನ್ನೊಂದು ನೆರಿಗೆಗಟ್ಟುತ್ತದೆ. ಕೆರೆಯ ದಂಡೆಯುದ್ದಕ್ಕೂ ಆ ನೆರಿಗೆ ಇದೆ. ಅದಕ್ಕಿಂತ ಮುಖ್ಯವಾಗಿ, ಆ ನೀಲಿಯನ್ನು ಯಾರೂ ಉಟ್ಟಿರಲಿಲ್ಲ. ಕೌದಿಯ ಉಳಿದ ಭಾಗದ ಮುಂದೆ ನಿಂತ ಹೆಂಗಸರು "ಇದು ನಮ್ಮತ್ತಿ ಸೀರಿ", "ಇದು ತಮ್ಮನ ಅಂಗಿ" ಎಂದು ಬೆರಳಿಟ್ಟು ತೋರಿಸುತ್ತಾರೆ. ಕೆರೆಯ ಬಳಿ ಬಂದಾಗ ಬೆರಳು ಅದನ್ನು ದಾಟಿ ಮುಂದಿನ ತೇಪೆಗೆ ಹೋಗುತ್ತದೆ.

ಗೆದ್ದಿರುವುದು ಅಂಚುಗಳು. ನನ್ನ ನಕ್ಷೆ ಅಲ್ಲಿಯವರೆಗೆ ಹೋಗಿರಲಿಲ್ಲ. ಒಬ್ಬರು ಇಳಕಲ್ ಸೆರಗಿನ ಕೆಂಪನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟಿದ್ದಾರೆ. ಅದನ್ನು ನೋಡಿ ಪಕ್ಕದವರು ತಮ್ಮ ಹಳದಿಯನ್ನು ಅದಕ್ಕಿಂತ ಸಣ್ಣದಾಗಿ ಕತ್ತರಿಸಿದ್ದಾರೆ. ಒಬ್ಬರ ಕೈ ಇನ್ನೊಬ್ಬರ ಕೈಗೆ ಉತ್ತರ ಕೊಟ್ಟದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಸಮುದಾಯದ ಕಲೆ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಆ ಅಂಚಿನಲ್ಲಿದೆ.

ನಡೆಸುವವರು ಏನೂ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಯಾರಾದರೂ ಜಾಗ ಹುಡುಕಬೇಕು, ದಾರ ತರಬೇಕು, ಅಳತೆ ಹೇಳಬೇಕು. ಅಳತೆಯಿಲ್ಲದಿದ್ದರೆ ಏಡ್ಸ್ ಕೌದಿಯ ಪಟ್ಟಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೂಡುವುದಕ್ಕೆ ಬೇಕಾದಷ್ಟನ್ನು ನಿಗದಿ ಮಾಡಿ, ಅಲ್ಲಿಗೆ ಕೈ ತೆಗೆಯುವುದು ಕಷ್ಟದ ವಿದ್ಯೆ.

ಉದ್ಘಾಟನೆಯ ದಿನ ಕೌದಿಯ ಪಕ್ಕದ ಫಲಕದಲ್ಲಿ ನನ್ನ ಹೆಸರಿತ್ತು. ಕೆಳಗೆ, 'ಸ್ಥಳೀಯ ಮಹಿಳೆಯರ ಸಹಕಾರದೊಂದಿಗೆ' ಎಂದಿತ್ತು. ಬರೆಸುವ ಮುಂಚೆ ನನ್ನನ್ನು ಕೇಳಿದ್ದರು, ನಾನು ಹೂಂ ಅಂದಿದ್ದೆ.

ಆ ನಾಲ್ಕು ಸಾಲುಗಳನ್ನು ಮತ್ತೆ ಬಿಚ್ಚಿಕೊಡುತ್ತೇನೆ, ನೀವೇ ಹೊಲಿಯಿರಿ ಎಂದು ಅಜ್ಜಿಗೆ ಆವತ್ತೇ ಹೇಳಿದ್ದೆ. ಅವರು ಸೂಜಿಗೆ ದಾರ ಪೋಣಿಸಿಕೊಡಲು ನನ್ನ ಕೈಗೆ ಕೊಡುತ್ತಾ, "ಇರಲಿ ಬಿಡ್ರಿ, ನಿಮ್ಮವೂ ನಾಕ ಸಾಲು ಇರಲಿ" ಅಂದರು. ಹಾಗಾಗಿ ಅವು ಇನ್ನೂ ಅಲ್ಲೇ ಇವೆ. ಇಡೀ ಕೌದಿಯಲ್ಲಿ ನಾನು ಹೊಲಿದದ್ದು ಅಷ್ಟೇ. ಫಲಕ ಬದಲಿಸಿ ಎಂದು ಮೊನ್ನೆ ಪತ್ರ ಬರೆದು ಕೊಟ್ಟಿದ್ದೇನೆ. ಅದರಲ್ಲಿ 17 ಹೆಸರುಗಳಿವೆ, ಅಕಾರಾದಿಯಾಗಿ.