ಬಾಗಿಲೂ ದಫ್ತರವೂ

ನಿರಾಶ್ರಿತರಿಗೆ ನೆಲೆ ಕೊಡುವುದರಲ್ಲಿ ಕರ್ನಾಟಕಕ್ಕೆ ಅರವತ್ತು ವರ್ಷ ಮೀರಿದ ಅನುಭವವಿದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗಾಗಿ ನೆಹರೂ ಸರ್ಕಾರ ರಾಜ್ಯಗಳಲ್ಲಿ ಜಮೀನು ಕೇಳಿತು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ಮುಂಡಗೋಡಿನ ಟಿಬೆಟನ್ ಕ್ಯಾಂಪು ಆರಂಭವಾದದ್ದು 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ಬೈಲಕುಪ್ಪೆಗೆ ಬಂದವರು ಕಾಡು ಕಡಿದು, ಆನೆಗಳ ಕಾಟ ತಾಳಿಕೊಂಡು ಮೆಕ್ಕೆಜೋಳ ಬೆಳೆದರು.

ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಚಹಾದಂಗಡಿಗಳಲ್ಲಿ ನಿರಾಶ್ರಿತರ ಬಗ್ಗೆ ನಡೆಯುವ ವಾದದಲ್ಲಿ ಮೂರು ಬಗೆಯ ಜನ ಒಂದೇ ಹೆಸರಿನಡಿ ಸೇರಿಹೋಗುತ್ತಾರೆ: ಜೀವಭಯದಿಂದ ಗಡಿ ದಾಟಿದವರು, ಕಾಗದಪತ್ರವಿಲ್ಲದೆ ದುಡಿಮೆಗೆ ನುಸುಳಿದವರು, ಪಶ್ಚಿಮ ಬಂಗಾಳದಿಂದಲೋ ಅಸ್ಸಾಮಿನಿಂದಲೋ ಕೂಲಿಗೆ ಬಂದ ಭಾರತೀಯರು. ಈ ಕಲಬೆರಕೆಯೇ ವಾದದ ದೊಡ್ಡ ದೋಷ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿ ಬಾಂಗ್ಲಾದವರೆಂಬ ಅನುಮಾನದ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು.

ಭದ್ರತೆಯ ಆತಂಕ ಹುಸಿಯಲ್ಲ. ಯಾರು ಬಂದರು, ಎಲ್ಲಿದ್ದಾರೆ ಎಂದು ಕೇಳುವ ಹಕ್ಕು ದೇಶಕ್ಕಿದೆ. ಟಿಬೆಟನ್ನರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಾಗಿಲು ಮುಚ್ಚಿದ್ದರಿಂದಲ್ಲ, ದಫ್ತರ ತೆರೆದದ್ದರಿಂದ. ವಯಸ್ಕರೆಲ್ಲರ ಬಳಿಯೂ ನೋಂದಣಿ ಪತ್ರವಿರಬೇಕು. ಅವರ ಬಾಯಲ್ಲಿ ಅದು ‘ಆರ್‌ಸಿ’. ಫೋಟೊ, ಹೆಸರು, ವಿಳಾಸವಿರುವ ಆ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಚಳಿಗಾಲದಲ್ಲಿ ಪಟ್ಟಣದ ರಸ್ತೆ ಬದಿಯಲ್ಲಿ ಲುಧಿಯಾನದ ಸ್ವೆಟರ್ ಹರವಿ ಕೂರುವ ಟಿಬೆಟನ್ ಮಹಿಳೆಯ ಲೆಕ್ಕವೂ ಸರ್ಕಾರದ ಬಳಿ ಇರುತ್ತದೆ. ಕ್ಯಾಂಪಿಗೆ ಬರುವ ವಿದೇಶಿಯರೂ ವಿಶೇಷ ಪರವಾನಗಿ ಪಡೆಯಬೇಕು. ಅಡಗಿ ಬದುಕುವ ಅಗತ್ಯವೇ ಇಲ್ಲದವನ ಮೇಲೆ ಕಣ್ಣಿಡುವುದು ಸುಲಭ. ಅಷ್ಟೇ ಅಲ್ಲ, ಚೀನಾ ಯುದ್ಧದ ಹೊತ್ತಿಗೆ, 1962ರ ನವೆಂಬರಿನಲ್ಲಿ, ಕಟ್ಟಿದ ವಿಶೇಷ ಗಡಿ ಪಡೆಗೆ ಸೇರಿದವರು ಇದೇ ಟಿಬೆಟನ್ನರು. 1971ರ ಯುದ್ಧದಲ್ಲಿ ಅವರು ಭಾರತಕ್ಕಾಗಿ ಹೋರಾಡಿ ಪ್ರಾಣ ಕೊಟ್ಟರು. ಆಶ್ರಯವೇ ಭದ್ರತೆಗೆ ಅಪಾಯ ಎನ್ನುವವರು ಈ ಸಂಗತಿಯನ್ನು ಎದುರಿಸಲೇಬೇಕು.

ಆದರೂ ಈ ಪದ್ಧತಿಯಲ್ಲಿ ದೊಡ್ಡ ಕೊರತೆಯಿದೆ. ಅದು ನಿಂತಿರುವುದು ಸರ್ಕಾರದ ದಯೆಯ ಮೇಲೆ, ಕಾನೂನಿನ ಮೇಲಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಟಿಬೆಟಿನಿಂದ ಓಡಿಬಂದವನೂ ಪ್ರವಾಸಿಯೂ ಬಹುಕಾಲ 1946ರ ವಿದೇಶಿಯರ ಕಾಯ್ದೆಯ ಕಣ್ಣಿಗೆ ಒಂದೇ ಆಗಿದ್ದರು. ಅದರ ಜಾಗಕ್ಕೆ ಬಂದ 2025ರ ಕಾಯ್ದೆಯೂ ನಿರಾಶ್ರಿತ ಯಾರೆಂದು ಹೇಳುವುದಿಲ್ಲ. ಹಾಗಾಗಿ ಒಂದು ಗುಂಪಿಗೆ ಜಮೀನು, ಶಾಲೆ ಸಿಕ್ಕರೆ ರೋಹಿಂಗ್ಯಾಗಳಿಗೆ ಸಿಗುವುದು ಗಡೀಪಾರಿನ ಭಯ. 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳ ಆರು ಧರ್ಮದವರಿಗೆ ದಾರಿ ಮಾಡಿತು. ಬೈಲಕುಪ್ಪೆಯವರು ಅದರ ಹೊರಗೇ ಉಳಿದರು. ವ್ಯಕ್ತಿಯ ಅಪಾಯವನ್ನು ತೂಗದೆ ಹುಟ್ಟಿದ ದೇಶ, ಧರ್ಮ ನೋಡಿ ಆರಿಸುವುದನ್ನು ಭದ್ರತೆಯ ಪರೀಕ್ಷೆ ಎನ್ನಲಾಗದು.

ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ, ಜೀವದ ರಕ್ಷಣೆ ನಾಗರಿಕರಲ್ಲದವರಿಗೂ ಸಲ್ಲುತ್ತದೆ ಎಂದಿತು. ಆಶ್ರಯದ ಅರ್ಜಿಯನ್ನು ಯಾರು ಆಲಿಸಬೇಕು, ಯಾವ ಕಾರಣಕ್ಕೆ ನಿರಾಕರಿಸಬಹುದು, ಮೇಲ್ಮನವಿ ಎಲ್ಲಿಗೆ ಎಂಬುದನ್ನು ಹೇಳುವ ಖಾಸಗಿ ಮಸೂದೆಯೊಂದನ್ನು ಶಶಿ ತರೂರ್ 2015ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ಮೊದಲು ಬಂದವರ, ಬೈಲಕುಪ್ಪೆಯಲ್ಲೇ ಹುಟ್ಟಿದ ಮೊಮ್ಮಕ್ಕಳೂ ಈಗ ಆರ್‌ಸಿ ನವೀಕರಣಕ್ಕೆ ಹೋಗುತ್ತಾರೆ.