ನೆತ್ತಿಗೆ ಬಂದ ಸೂರ್ಯ

ಮಾರ್ಚ್ ಕಾಲಿಡುತ್ತಿದ್ದಂತೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕತ್ತು ಒರೆಸಿಕೊಳ್ಳುತ್ತಾ ಹೇಳುವ ಮಾತೊಂದಿದೆ: “ಸೂರ್ಯ ಹತ್ತಿರ ಬಂದಿದ್ದಾನೆ ಕಣ್ರೀ.” ಬಿಎಸ್ಸಿ ಓದಿದವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಒಲೆಯ ಹತ್ತಿರ ಕೂತರೆ ಬಿಸಿ, ದೂರ ಸರಿದರೆ ತಂಪು. ಅಡುಗೆಮನೆಯ ಈ ನ್ಯಾಯವನ್ನೇ ಆಕಾಶಕ್ಕೂ ಅಂಟಿಸಿದ್ದೇವೆ.

ಲೆಕ್ಕ ಉಲ್ಟಾ ಇದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡು ಅವರೆಕಾಯಿ ಸುಲಿಯುವಾಗ. ಆಗಿನ ದೂರ ಸುಮಾರು 14.71 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ 15.21 ಕೋಟಿ. ಜನವರಿಯಲ್ಲಿ ಭೂಮಿಗೆ ಸಿಗುವ ಬಿಸಿಲು ಜುಲೈಗಿಂತ ಶೇ 7ರಷ್ಟು ಹೆಚ್ಚೇ.

ಜನರನ್ನು ದೂರಿ ಪ್ರಯೋಜನವಿಲ್ಲ. ಪಠ್ಯಪುಸ್ತಕಗಳಲ್ಲಿ ಭೂಮಿಯ ಕಕ್ಷೆಯನ್ನು ಹಲಸಿನ ಹಣ್ಣಿನ ಹಾಗೆ ಉದ್ದುದ್ದ ಬರೆಯುತ್ತಾರೆ. ಅಳತೆಗೆ ಸರಿಯಾಗಿ ಹತ್ತು ಸೆಂಟಿಮೀಟರ್ ಅಗಲದ ಕಕ್ಷೆ ಬರೆದರೆ, ಅದರ ಉದ್ದಕ್ಕೂ ಅಗಲಕ್ಕೂ ಇರುವ ಅಂತರ ಪೆನ್ಸಿಲ್ ಗೆರೆಯೊಳಗೇ ಮುಚ್ಚಿಹೋಗುತ್ತದೆ.

ಹಾಗಂತ “ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ” ಎಂದು ಬಾಯಿಪಾಠ ಒಪ್ಪಿಸುವವರು ಗೆದ್ದರೆಂದಲ್ಲ. ಮಾತು ಸರಿಯೇ. ಆದರೆ ಅದರ ಬೆನ್ನಿಗೇ ಬರುವ ‘ಜೂನ್ 21ರ ಸುಮಾರಿಗೆ ಬೇಸಿಗೆ’ ಎನ್ನುವುದು ಲಂಡನ್ನಿಗೆ ಹೊಲಿದ ಅಂಗಿ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಕೊಡೆ ಹೊರಬಿದ್ದಿರುತ್ತದೆ. ಏಪ್ರಿಲ್‌ನಲ್ಲಿ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ ಜೂನ್‌ನಲ್ಲಿ 29ರ ಹತ್ತಿರಕ್ಕೆ ಇಳಿದಿರುತ್ತದೆ.

ಕಾರಣ ತಿಳಿಯಲು ಮನೆಯ ತಾರಸಿ ಸಾಕು. ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ, ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಬುಡದಲ್ಲೇ ಕರಗಿಹೋಗುತ್ತದೆ. ‘ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ’ ಎಂದು ದಿನವೂ ಹೇಳುತ್ತೇವಲ್ಲ, ಬೆಂಗಳೂರಿನಲ್ಲಿ ಅದು ನಿಜವಾಗುವುದು ವರ್ಷಕ್ಕೆ ಎರಡೇ ಸಲ. ಹುಬ್ಬಳ್ಳಿಗೆ ಮೇ ಮೊದಲ ವಾರ, ಬೀದರಿಗೆ ಮೇ 12ರ ಸುಮಾರು. ದೆಹಲಿಗೆ ಎಂದೂ ಇಲ್ಲ.

ಅದೇ ಕೋಲು ಡಿಸೆಂಬರ್ 22ರ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ನೆರಳು ಚಾಚುತ್ತದೆ. ಒಂದು ಸೇರು ರಾಗಿಯನ್ನು ಸಣ್ಣ ಕಣದಲ್ಲಿ ಹರವಿದರೆ ದಪ್ಪ, ದೊಡ್ಡ ಕಣದಲ್ಲಿ ತೆಳು. ಓರೆ ಬಿಸಿಲಿನ ಕಥೆಯೂ ಅಷ್ಟೇ. ನೆತ್ತಿಯ ಬಿಸಿಲು ಬೀಳುವ ನೆಲಕ್ಕಿಂತ ಕಾಲು ಭಾಗದಷ್ಟು ಹೆಚ್ಚು ನೆಲದ ಮೇಲೆ ಹರಡಿಕೊಂಡು, ಪ್ರತಿ ಅಡಿಗೆ ಸಿಗುವ ಶಾಖ ಶೇ 20ರಷ್ಟು ಸೊರಗುತ್ತದೆ. ಹತ್ತಿರ ಬಂದ ಲಾಭ ಇಲ್ಲೇ ಕರಗಿತು. ಹಗಲೂ ಜೂನ್‌ಗಿಂತ ಒಂದೂವರೆ ಗಂಟೆ ಮೊಟಕು.

ಸೂರ್ಯ ಎರಡನೇ ಸಲ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ಆದರೂ ನಮಗೆ ಎರಡನೇ ಬೇಸಿಗೆಯಿಲ್ಲ, ಏಕೆಂದರೆ ಮುಂಗಾರಿನ ಮೋಡ ಅಡ್ಡ ನಿಂತಿರುತ್ತದೆ. ಆ ಮುಂಗಾರೂ ಭೂಮಿಯ ವಾಲಿಕೆಯ ಕೂಸೇ: ಬೇಸಿಗೆಯಲ್ಲಿ ಕಾದ ನೆಲವೇ ಸಮುದ್ರದ ತೇವದ ಗಾಳಿಯನ್ನು ಒಳಕ್ಕೆಳೆಯುತ್ತದೆ. ಇಷ್ಟನ್ನು ಬಿಟ್ಟು ಬರೀ 23.5 ಎಂದು ಬರೆದ ಮಗುವಿಗೆ ನಾನಾದರೆ ಅರ್ಧ ಅಂಕ ಕೊಡುತ್ತೇನೆ, ಅದನ್ನು ಕಲಿಸಿದವರಿಗೆ ಅದೂ ಇಲ್ಲ.

ಕೋಲನ್ನು ತೆಗೆಯಬೇಡಿ. ಜೂನ್ 21ರ ಮಧ್ಯಾಹ್ನ ಮೋಡ ಸರಿದರೆ ಮತ್ತೊಮ್ಮೆ ತಾರಸಿ ಹತ್ತಿ ನೋಡಿ: ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ, ಗೇಣಿಗಿಂತ ಚೂರು ಕಡಿಮೆ.