ರಣಹದ್ದಿನ ಮೂತ್ರಪಿಂಡ: ಜಾನಪದ ಅಧ್ಯಯನದ ಒಂದು ಸಿದ್ಧಸೂತ್ರದ ಮರುಪರಿಶೀಲನೆ

ಜನಪದರು ಪ್ರಕೃತಿಯೊಡನೆ ಸಾಮರಸ್ಯದಿಂದ ಬಾಳಿದರು, ಆಧುನಿಕತೆಯು ಅದನ್ನು ಕೆಡಿಸಿತು ಎಂಬ ಸೂತ್ರವು ನಮ್ಮ ಜಾನಪದ ಸಂಶೋಧನೆಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ರಣಹದ್ದುಗಳ ಅವಸಾನವನ್ನೂ ಇದೇ ಸೂತ್ರದಡಿ ವಿವರಿಸುವ ಪ್ರವೃತ್ತಿ ಕಂಡುಬರುತ್ತದೆ. ವೈಜ್ಞಾನಿಕ ಆಧಾರಗಳು ಈ ವಿವರಣೆಯನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ರಣಹದ್ದುಗಳ ತೀವ್ರ ಇಳಿಮುಖ ದಾಖಲಾಯಿತು. ಸಾಂಕ್ರಾಮಿಕ ರೋಗವೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಗಿತ್ತು. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯೇ ಕಾರಣವನ್ನು ತೋರಿಸಿತು. ಮೂತ್ರಪಿಂಡ ವೈಫಲ್ಯದಿಂದ ಸತ್ತ 25 ಹಕ್ಕಿಗಳಲ್ಲಿ ಇಪ್ಪತ್ತೈದರಲ್ಲೂ ಡೈಕ್ಲೋಫೆನಾಕ್ ಎಂಬ ನೋವುನಿವಾರಕದ ಶೇಷವಿತ್ತು. ಅನ್ಯ ಕಾರಣಗಳಿಂದ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಸೆರೆಯಲ್ಲಿದ್ದ ರಣಹದ್ದುಗಳಿಗೆ ಈ ಔಷಧಿಯನ್ನು, ಇಲ್ಲವೆ ಔಷಧಿ ಪಡೆದ ಪ್ರಾಣಿಗಳ ಮಾಂಸವನ್ನು ಉಣಿಸಿದಾಗ ಅವೂ ಹಾಗೆಯೇ ಸತ್ತವು. ಮೂತ್ರಪಿಂಡ ಕೆಟ್ಟು, ಹೊರಹೋಗಬೇಕಾದ ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಬಿಳಿಯ ಹರಳಾಗಿ ಹೆಪ್ಪುಗಟ್ಟಿತ್ತು.

ಹಸುವಿನ ನೋವನ್ನು ಶಮನಗೊಳಿಸುವ ಪ್ರಮಾಣವೇ ಹದ್ದಿಗೆ ವಿಷವಾಯಿತು. ಒಂದು ಜೀವಿಯಲ್ಲಿ ಸಿದ್ಧವಾದ ಸುರಕ್ಷತೆಯು ಮತ್ತೊಂದಕ್ಕೆ ಅನ್ವಯಿಸಬೇಕಿಲ್ಲ ಎಂಬುದಕ್ಕೆ ಇದು ನಿದರ್ಶನ. 2006ರಲ್ಲಿ ಭಾರತವು ಪಶುಚಿಕಿತ್ಸೆಯಲ್ಲಿ ಡೈಕ್ಲೋಫೆನಾಕ್ ಅನ್ನು ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ಬದಲಿ ಔಷಧಿಯು ಸುರಕ್ಷಿತವೆಂಬುದು ರಣಹದ್ದುಗಳ ಮೇಲಿನ ಪ್ರಯೋಗದಿಂದಲೇ ತಿಳಿದುಬಂತು. ಕೀಟೋಪ್ರೊಫೆನ್ ಹಾಗೂ ಅಸಿಕ್ಲೋಫೆನಾಕ್ ಔಷಧಿಗಳ ಪಶುಬಳಕೆಗೆ ನಿಷೇಧ ಬಂದದ್ದು 2023ರಲ್ಲಿ.

ಈ ಸಂಗತಿಗಳು ನಮ್ಮ ಸೂತ್ರವನ್ನು ಮೂರು ಕಡೆ ಪ್ರಶ್ನಿಸುತ್ತವೆ. ಮೊದಲನೆಯದಾಗಿ, ಹದ್ದನ್ನು ಕೊಂದದ್ದು ದುರಾಸೆಯಲ್ಲ. ನರಳುವ ದನಕ್ಕೆ ಸೂಜಿಮದ್ದು ಹಾಕಿಸಿದ ಸಾಕಣೆದಾರನ ಕಾಳಜಿ. ಎರಡನೆಯದಾಗಿ, ಸತ್ತ ದನ ಹದ್ದಿನ ಪಾಲಾಗುತ್ತಿದ್ದ ವ್ಯವಸ್ಥೆಯನ್ನು ಸಾಮರಸ್ಯವೆಂದು ಕೊಂಡಾಡುವಾಗ, ಹೆಣ ಎಳೆದು ಚರ್ಮ ಸುಲಿಯುವ ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವರ ಮೇಲೆ ಹೇರಲಾಗಿತ್ತೆಂಬುದು ಮರೆಯಾಗುತ್ತದೆ. ಮೂರನೆಯದಾಗಿ, ಸತ್ಯವನ್ನು ಹೊರಗೆಡಹಿದ್ದು ಪಾರಂಪರಿಕ ಜ್ಞಾನವಲ್ಲ, ಹಕ್ಕಿಗಳನ್ನೇ ಬಲಿಗೊಟ್ಟ ಪ್ರಯೋಗ. ಆ ಬಲಿಯ ನೈತಿಕ ಭಾರವನ್ನು ಅಲ್ಲಗಳೆಯದೆಯೇ ಈ ಮಾತನ್ನು ಒಪ್ಪಬೇಕಾಗುತ್ತದೆ.

ನಮ್ಮ ಅಧ್ಯಯನಗಳಲ್ಲಿ ಹದ್ದು ಬಹುಮಟ್ಟಿಗೆ ಜಟಾಯುವಿನ ತ್ಯಾಗಕ್ಕೋ ಸಾವಿನ ಅಪಶಕುನಕ್ಕೋ ಸಂಕೇತವಾಗಿ ಉಳಿದಿದೆ. ಸಂಕೇತಕ್ಕೆ ಮೂತ್ರಪಿಂಡವಿಲ್ಲ, ಆದ್ದರಿಂದ ಹಕ್ಕಿ ಕಣ್ಮರೆಯಾದರೂ ಸಂಕೇತದ ವ್ಯಾಖ್ಯಾನ ನಿಲ್ಲಲಿಲ್ಲ. 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾದ ರಾಮನಗರದ ರಾಮದೇವರಬೆಟ್ಟದ ಸುತ್ತ ಐತಿಹ್ಯಗಳನ್ನು ಸಂಗ್ರಹಿಸುವವರು, ಹದ್ದಿನ ಕಥೆಯ ಜೊತೆಗೆ ಅಲ್ಲಿನ ದನಗಾಹಿಗಳು ಯಾವ ಔಷಧಿ ಬಳಸುತ್ತಾರೆ, ಸತ್ತ ದನವನ್ನು ಯಾರು ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನೂ ಕೇಳಿ ದಾಖಲಿಸಬೇಕು. ಈ ಪ್ರಶ್ನೆಗಳನ್ನು ಕ್ಷೇತ್ರಕಾರ್ಯದ ಹೊರಗಿಟ್ಟರೆ ನಮ್ಮ ಸಂಗ್ರಹದಲ್ಲಿ ಜಟಾಯು ಉಳಿದಾನು, ಹದ್ದಿನ ಸಾವು ಮಾತ್ರ ದಾಖಲಾಗದೆ ಹೋದೀತು.